ಹೊಳೆ ದಂಡೆಯಲ್ಲಿ ಸೈಕಲ್ ದಾರಿ: ಮೊದಲು ನೀರಿನ ಗೆರೆ ಹುಡುಕಿ

[ದೃಶ್ಯ: ಬೆಳಗ್ಗೆ, ಕುಶಾಲನಗರದ ಸೇತುವೆ]

ನಮಸ್ಕಾರ. ಇದು ಕುಶಾಲನಗರ. ಸೇತುವೆ ದಾಟಿದರೆ ಕೊಪ್ಪ, ಮೈಸೂರು ಜಿಲ್ಲೆ. ಕೆಳಗೆ ಕಾವೇರಿ. ಮಡಿಕೇರಿಯಲ್ಲಿ ಸೈಕಲ್ ತುಳಿಯುವುದಕ್ಕಿಂತ ತಳ್ಳುವುದೇ ಜಾಸ್ತಿ. ಇಲ್ಲಿ ನೆಲ ಸಪಾಟು. ಹಾಗಾದರೆ ಹೊಳೆ ದಂಡೆಯಲ್ಲಿ ನಡೆಯಲು, ಸೈಕಲ್ ಹೊಡೆಯಲು ಒಂದು ಹಸಿರು ದಾರಿ ಮಾಡಬಹುದಲ್ವಾ?

[ದೃಶ್ಯ: ಕಾಂಪೌಂಡ್ ಗೋಡೆ, ಹತ್ತಿರದಿಂದ]

ಮಾಡಬಹುದು. ಆದರೆ ಮೊದಲು ಈ ಗೋಡೆ ನೋಡಿ. ಸೊಂಟದೆತ್ತರಕ್ಕೆ ಒಂದು ಮಾಸಲು ಗೆರೆ ಕಾಣುತ್ತಿದೆಯಾ? 2018 ಮತ್ತು 2019ರ ಆಗಸ್ಟ್‌ನಲ್ಲಿ ಇಲ್ಲಿನ ಬಡಾವಣೆಗಳಿಗೆ ನೀರು ನುಗ್ಗಿತ್ತು. ಯಾವ ಮೆಟ್ಟಿಲವರೆಗೆ ಬಂತು ಅಂತ ಮನೆಯವರು ಬೆರಳಿಟ್ಟು ತೋರಿಸುತ್ತಾರೆ. ನಕ್ಷೆಯಲ್ಲಿ ಮೊದಲು ಎಳೆಯಬೇಕಾದ್ದು ಈ ಗೆರೆ. ಆಮೇಲೆ ಬೇಸಿಗೆಯ ನೀರಿನ ಗೆರೆ. ನಡುವಿನ ಜಾಗ ಹೊಳೆಯದ್ದು. ನಮಗೆ ಬಾಡಿಗೆಗೆ, ಅದೂ ಮಳೆ ಇಲ್ಲದಾಗ.

ಅದಕ್ಕೇ ದಾರಿ ಎರಡು ಮಟ್ಟದಲ್ಲಿರಲಿ. ಮೇಲೆ ಸೈಕಲ್, ದೀಪ, ವೈರಿಂಗ್. ಕೆಳಗೆ ಬರೀ ಕಲ್ಲು ಹಾಸಿದ ಕಾಲುದಾರಿ. ಮುಳುಗಲಿ ಬಿಡಿ, ನೀರಿಳಿದ ಮೇಲೆ ಕೆಸರು ತೊಳೆದರಾಯಿತು. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಒಂದು ಮೇಲ್ಸೇತುವೆ ರಸ್ತೆಯನ್ನೇ ಕೆಡವಿ, 2005ರಲ್ಲಿ ಚಿಯಾಂಗ್ಯೆಚಿಯಾನ್ ತೊರೆಯನ್ನು ಜನರಿಗೆ ತೆರೆದರು. ಜೋರು ಮಳೆ ಬಂದರೆ ಅಲ್ಲೂ ದಾರಿ ಮುಚ್ಚುತ್ತಾರೆ.

'ಸುಮ್ನೆ ಒಂದು ತಡೆಗೋಡೆ ಕಟ್ಟಿಬಿಡಿ' ಅನ್ನುವವರಿದ್ದಾರೆ. ಹೊಳೆಯನ್ನು ಕಿರಿದು ಮಾಡಿದರೆ ನೀರು ಇನ್ನೂ ಮೇಲೇರುತ್ತದೆ, ಆಚೆ ದಡವನ್ನು ಕೊರೆಯುತ್ತದೆ. ತಿರುವಿನಲ್ಲಿ ಕಲ್ಲು ಕಟ್ಟಬೇಕಾದೀತು. ಉಳಿದ ಕಡೆ ಹೊಳೆಮತ್ತಿ, ಹೊಂಗೆ, ಬಿದಿರಿನ ಬೇರು ಮಣ್ಣು ಹಿಡಿಯಲಿ.

ಅಳತೆ ದೊಡ್ಡ ವಿಷಯವಲ್ಲ. ಹೋಗಿಬರುವ ಸೈಕಲ್‌ಗಳಿಗೆ ಸುಮಾರು 3 ಮೀಟರ್, ನಡೆಯುವವರಿಗೆ 2. ಏರು 20 ಅಡಿಗೆ 1 ಅಡಿ ಮೀರದಿದ್ದರೆ ಗಾಲಿಕುರ್ಚಿಯೂ ಹತ್ತುತ್ತದೆ.

[ದೃಶ್ಯ: ಪಾಚಿ ಕಟ್ಟಿದ ಇಂಟರ್‌ಲಾಕ್ ಅಂಗಳ]

ನುಣುಪು ಟೈಲ್ಸ್ ಮಾತ್ರ ಬೇಡವೇ ಬೇಡ. ಕೊಡಗಿನ ಜುಲೈ ಗೊತ್ತಲ್ವಾ? ನಮ್ಮ ಮನೆ ಅಂಗಳದಲ್ಲೇ ಕೊಡೆ ಸಮೇತ ಜಾರಿ ಬಿದ್ದವನು ನಾನು. ಒರಟು ಕಲ್ಲು ಹಾಕಿ, ನೀರು ನಿಲ್ಲದಂತೆ ಪಕ್ಕಕ್ಕೆ ಸ್ವಲ್ಪ ಇಳಿಜಾರು ಕೊಡಿ. ಒಂದು ಮೀಟರಿಗೆ 2 ಸೆಂಟಿಮೀಟರ್ ಸಾಕು.

ಇನ್ನು ಚರಂಡಿ. ಅದು ಹೊಳೆಗೆ ಬೀಳುವ ಕಡೆ ಎಷ್ಟೇ ಚೆಂದದ ಬೆಂಚು ಹಾಕಿ, ಯಾರೂ ಕೂರುವುದಿಲ್ಲ. ಮೊದಲು ಪೈಪು, ಆಮೇಲೆ ಬೆಂಚು.

ನಿಮ್ಮ ಬೀದಿಯಲ್ಲೂ ಇಂಥ ನೀರಿನ ಗೆರೆ ಉಳಿದಿದ್ದರೆ, ಬಣ್ಣ ಬಳಿಯುವ ಮುಂಚೆ ಫೋಟೋ ತೆಗೆದಿಡಿ. ಪಕ್ಕದಲ್ಲಿ ಒಂದು ಟೇಪು ಹಿಡಿದು, ನೆಲದಿಂದ ಎಷ್ಟು ಅಡಿ ಅಂತ ಕಾಣುವ ಹಾಗೆ.