ಕಿವಿಗೆ ಕೇಳಿದ ಪ್ರಶ್ನೆ, ಬುದ್ಧಿಗೆ ಕೊಟ್ಟ ಅಂಕ

ಎಲ್ಲರಿಗೂ ನಮಸ್ಕಾರ. ಕಿವುಡ ಮಕ್ಕಳ ಅಪ್ಪ-ಅಮ್ಮಂದಿರು, ಟೀಚರುಗಳು ಜಾಸ್ತಿ ಬಂದಿದ್ದೀರಿ. ನಿಮ್ಮಲ್ಲಿ ಹಲವರ ಮನೆಯಲ್ಲಿ ಮಗುವಿನ ಒಂದು ಫೈಲ್ ಇರುತ್ತದೆ. ಮೇಲೆ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವುದರ ನಕ್ಷೆ, ಅದರ ಕೆಳಗೆ ಮನಃಶಾಸ್ತ್ರಜ್ಞರ ವರದಿ, ಕೊನೆಯಲ್ಲಿ ಒಂದು ಐಕ್ಯೂ ಅಂಕಿ, ಅಂದರೆ ಬುದ್ಧಿಯ ಅಳತೆ. ಆ ಅಂಕಿ ಎಲ್ಲಿಂದ ಬಂತು ಅನ್ನುವುದೇ ಇವತ್ತಿನ ಮಾತು.

ಕಿವುಡ ಮಕ್ಕಳ ಬುದ್ಧಿಯನ್ನು ಮಾತಿನ ಪರೀಕ್ಷೆಯಿಂದ ಅಳೆಯಬಹುದಾ ಅನ್ನುವುದು ಹಳೇ ತಕರಾರು. ಅಮೆರಿಕದಲ್ಲಿ ಪಿಂಟ್ನರ್ ಮತ್ತು ಪ್ಯಾಟರ್‌ಸನ್ ಎಂಬಿಬ್ಬರು ಮನಃಶಾಸ್ತ್ರಜ್ಞರು 1915ರ ಹೊತ್ತಿಗೆ ಕಿವುಡ ಮಕ್ಕಳಿಗೆ ಬಿನೆ ಎಂಬ ಬುದ್ಧಿ ಪರೀಕ್ಷೆ ಕೊಟ್ಟು ನೋಡಿದರು. ಅದು ಹೆಚ್ಚಾಗಿ ಮಾತಿನ ಮೇಲೆ ನಿಂತ ಪರೀಕ್ಷೆ. ಈ ಮಕ್ಕಳಿಗೆ ಇದು ಆಗಿಬರುವುದಿಲ್ಲ ಅಂತ ಅವರಿಗೆ ಗೊತ್ತಾಯಿತು. 1917ರಲ್ಲಿ ಅವರೇ ಕೈಯಿಂದ ಮಾಡಿ ತೋರಿಸುವ ಪರೀಕ್ಷೆಗಳನ್ನು ಹೊರತಂದರು.

ನಮ್ಮ ದೇಶಕ್ಕೆ ಬನ್ನಿ. ಮಕ್ಕಳಿಗೆ ಬಳಸುವ ಮಾಲಿನ್ ಪರೀಕ್ಷೆಯಲ್ಲಿ ಎರಡು ಭಾಗ: ಒಂದು ಮಾತಿನದು, ಇನ್ನೊಂದು ಕೈಯಿಂದ ಮಾಡುವುದು. ಒಂದು ಮಗುವಿಗೆ ಕೈಕೆಲಸದಲ್ಲಿ 104, ಮಾತಿನಲ್ಲಿ 58 ಬಂತು ಅಂತಿಟ್ಟುಕೊಳ್ಳಿ. ಸರಾಸರಿ ತೆಗೆದರೆ 81. ಈ 81 ಯಾರದು? ಅಂಥ ಮಗುವೇ ಇಲ್ಲ. 104 ಆ ಮಗುವಿನ ಯೋಚನೆಯ ಸುಳಿವು ಕೊಡುತ್ತದೆ. 58 ಅದಕ್ಕೆ ಎಷ್ಟು ಭಾಷೆ ಸಿಕ್ಕಿದೆ ಅನ್ನುವುದನ್ನು ಹೇಳುತ್ತದೆ. ಎರಡನ್ನೂ ಕಲಸಿದರೆ ಎರಡೂ ಸುಳ್ಳಾಗುತ್ತವೆ.

ಹಾಗಾದರೆ ಮಾತು ಬೇಡದ ಪರೀಕ್ಷೆ ಕೊಟ್ಟರೆ ಮುಗೀತು, ಅಲ್ವಾ? ಇಲ್ಲ. 1955ರ ಭಾಟಿಯಾ ಪರೀಕ್ಷಾಮಾಲೆಯನ್ನೇ ನೋಡಿ. ಹೆಸರಿಗೆ ಕೈಕೆಲಸದ ಪರೀಕ್ಷೆ. ಬಣ್ಣದ ಘನಗಳನ್ನು ಜೋಡಿಸುವುದು, ಚಿತ್ರದ ತುಂಡು ಸೇರಿಸುವುದು ಎಲ್ಲ ಇದೆ. ಆದರೆ ಐದರಲ್ಲಿ ಒಂದು, ಅಂಕಿಗಳನ್ನೋ ಅಕ್ಷರಗಳ ಸದ್ದನ್ನೋ ಕೇಳಿ ವಾಪಸ್ ಹೇಳುವುದು! ಕಿವುಡ ಮಗುವಿಗೆ ಅದನ್ನು ಕೊಟ್ಟು ‘ನೆನಪಿನ ಶಕ್ತಿ ಕಡಿಮೆ’ ಎಂದು ಬರೆದರೆ ಅನ್ಯಾಯ.

ಸನ್ನೆಯಲ್ಲಿ ಅಂಕಿ ತೋರಿಸಿದರೂ ಜೋಪಾನ. ಅಮೆರಿಕನ್ ಸನ್ನೆ ಭಾಷೆ ಬಲ್ಲ ಕಿವುಡರು ಸಾಲು ಅಂಕಿಗಳನ್ನು ನೆನಪಿಡುವಾಗ, ಕಿವಿ ಕೇಳುವವರಿಗಿಂತ ಒಂದೆರಡು ಕಡಿಮೆ ಹೇಳುವುದನ್ನು ಅಧ್ಯಯನಗಳು ಕಂಡಿವೆ. ಅದೇ ಜನರು ಯಾವುದು ಎಲ್ಲಿತ್ತು ಅನ್ನುವ ನೆನಪಿನಲ್ಲಿ ಹಿಂದೆ ಬೀಳುವುದಿಲ್ಲ. ಎಷ್ಟೋ ಸಲ ಮುಂದೇ ಇರುತ್ತಾರೆ.

ಈಗ ಪರೀಕ್ಷೆಯ ಕೋಣೆಯೊಳಗೆ ಹೋಗೋಣ. ಪರೀಕ್ಷಕರು ಕಿಟಕಿಗೆ ಬೆನ್ನು ಹಾಕಿ ಕೂತಿದ್ದಾರೆ. ಬೆಳಕು ಮಗುವಿನ ಕಣ್ಣಿಗೆ ಹೊಡೆಯುತ್ತದೆ, ಅವರ ತುಟಿ ಕಾಣುವುದಿಲ್ಲ. ಮಗು ಘನಗಳನ್ನು ನೋಡುತ್ತಿರುವಾಗಲೇ ಅವರು ಮುಂದಿನ ಸೂಚನೆ ಹೇಳುತ್ತಾರೆ. ಘನ ನೋಡಬೇಕೋ, ಮುಖ ನೋಡಬೇಕೋ? ಕಿವಿ ಕೇಳುವ ಮಗು ಎರಡನ್ನೂ ಒಟ್ಟಿಗೆ ಮಾಡುತ್ತದೆ. ಕಿವುಡ ಮಗುವಿಗೆ ಎರಡಕ್ಕೂ ಇರುವುದು ಅದೇ ಎರಡು ಕಣ್ಣು. ‘ಅರ್ಥವಾಯ್ತಾ?’ ಅಂದರೆ ಮಗು ತಲೆ ಆಡಿಸುತ್ತದೆ. ಈ ತಲೆಯಾಡಿಸುವಿಕೆ ನಿಮಗೆಲ್ಲ ಗೊತ್ತು. ಅರ್ಥವಾಗದಿದ್ದಾಗಲೇ ಅದು ಜಾಸ್ತಿ.

ಇದರ ಉಲ್ಟಾ ಕೂಡ ಆಗುತ್ತದೆ. ‘ಮೂಗು ಎಲ್ಲಿದೆ ತೋರಿಸು’ ಅನ್ನುವುದನ್ನು ಸನ್ನೆಯಲ್ಲಿ ಕೇಳಲು ಮೂಗನ್ನೇ ಮುಟ್ಟಿ ತೋರಿಸಬೇಕಾಗುತ್ತದೆ. ಪ್ರಶ್ನೆಯೊಳಗೇ ಉತ್ತರ ಇದೆ! ಹಾಗಾಗಿ ಸನ್ನೆ ಭಾಷೆಯ ದುಭಾಷಿಯನ್ನು ಸುಮ್ನೆ ಪಕ್ಕದಲ್ಲಿ ಕೂರಿಸಿಕೊಂಡರೆ ಸಾಲದು. ಯಾವ ಪ್ರಶ್ನೆ ಸನ್ನೆಗೆ ಬಂದಾಗ ಸುಲಭವಾಗುತ್ತದೆ, ಯಾವುದು ಕೆಡುತ್ತದೆ ಅಂತ ಇಬ್ಬರೂ ಮೊದಲೇ ಕೂತು ನೋಡಿಕೊಂಡಿರಬೇಕು.

ಇನ್ನೊಂದು ಕಡೆಯೂ ಹಳ್ಳವಿದೆ. ‘ಕಿವಿ ಕೇಳಲ್ಲ, ಅದಕ್ಕೇ ಹೀಗೆ’ ಅಂತ ಎಲ್ಲವನ್ನೂ ಕಿವಿಯ ಲೆಕ್ಕಕ್ಕೆ ಬರೆಯುವುದು. ನನ್ನ ಪ್ರಕಾರ ಇದರಿಂದ ಆಗುವ ನಷ್ಟವೂ ಸಣ್ಣದಲ್ಲ. ಜಿಜೆಬಿ2 ಜೀನಿನ ದೋಷದಿಂದ ಬಂದ ಕಿವುಡು ಸಾಮಾನ್ಯವಾಗಿ ಕಿವಿಯಲ್ಲೇ ನಿಲ್ಲುತ್ತದೆ. ಮೆನಿಂಜೈಟಿಸ್ ಅಂದರೆ ಮಿದುಳಿನ ಹೊದಿಕೆಯ ಉರಿಯೂತ, ಬಸಿರಿನಲ್ಲಿ ತಗಲಿದ ರುಬೆಲ್ಲಾ ಅಥವಾ ಸಿಎಂವಿ ವೈರಸ್ಸಿನ ಸೋಂಕು, ಹುಟ್ಟಿದಾಗ ವಿಪರೀತ ಏರಿದ ಕಾಮಾಲೆ, ಇವು ಹಾಗಲ್ಲ. ಇವು ಕಿವಿಯ ಜೊತೆಗೆ ಮಿದುಳನ್ನೂ ಮುಟ್ಟಬಹುದು. ಅಂಥ ಮಗುವಿಗೆ ಗಮನ, ಕಲಿಕೆ, ಕೈಚಲನೆಯ ತೊಂದರೆ ನಿಜವಾಗಿಯೂ ಇರಬಹುದು. ಅದನ್ನು ಬೇಗ ಹಿಡಿದರೆ ಸಹಾಯವೂ ಬೇಗ. ಮಗು ತಡವಾಗಿ ನಡೆದದ್ದನ್ನು ಮಾತ್ರ ಕೂಡಲೇ ಮಿದುಳಿನ ಲೆಕ್ಕಕ್ಕೆ ಹಾಕಬೇಡಿ. ದೇಹದ ಸಮತೋಲನದ ಅಂಗವೂ ಒಳಗಿವಿಯಲ್ಲೇ ಇದೆ.

ಇದೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ: ಮಗುವಿಗೆ ಯಾವ ಭಾಷೆ, ಯಾವ ವಯಸ್ಸಿನಿಂದ ಸಿಕ್ಕಿದೆ? ಕಿವುಡ ಮಕ್ಕಳಲ್ಲಿ ಹೆಚ್ಚಿನವರು ಕಿವಿ ಕೇಳುವ ಅಪ್ಪ-ಅಮ್ಮನಿಗೆ ಹುಟ್ಟಿದವರು. ಇವರಿಗೆ ಭಾಷೆ ಹೆಚ್ಚಾಗಿ ತಡವಾಗಿ ಸಿಗುತ್ತದೆ. ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸುವ ಪರೀಕ್ಷೆಗಳಿವೆ. ಅವುಗಳಲ್ಲಿ ಇಂಥ ಮಕ್ಕಳು ಸಾಮಾನ್ಯವಾಗಿ ಹಿಂದೆ ಬೀಳುತ್ತಾರೆ. ಕಿವುಡ ಅಪ್ಪ-ಅಮ್ಮನಿಂದ ಹುಟ್ಟಿದಂದಿನಿಂದ ಸನ್ನೆ ಭಾಷೆ ಕಲಿತ ಕಿವುಡ ಮಕ್ಕಳು ಕೇಳುವ ಮಕ್ಕಳ ಸಮಕ್ಕೇ ಇರುತ್ತಾರೆ. ಇಬ್ಬರಿಗೂ ಕಿವಿ ಕೇಳುವುದಿಲ್ಲ. ವ್ಯತ್ಯಾಸ ಮಾಡಿದ್ದು ಭಾಷೆ. ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕೇಳುವ ಸಾಧನ, ಹಾಕಿಸಿದ ಮಗುವಿಗೂ ಇದೇ ಮಾತು. ಆಪರೇಷನ್ ಆದ ದಿನವೇ ಭಾಷೆ ಬಂದುಬಿಡುವುದಿಲ್ಲ.

ಪರೀಕ್ಷೆಯ ದಿನ ಮೊದಲ ಆಡಿಯೋಗ್ರಾಂನಿಂದ ಹಿಡಿದು ಎಲ್ಲ ಕಾಗದ ತನ್ನಿ. ಕನ್ನಡಕ ಇದ್ದರೆ ತನ್ನಿ. ಹಿಯರಿಂಗ್ ಏಡಿಗೆ ಹೊಸ ಬ್ಯಾಟರಿ ಹಾಕಿ. ವರದಿ ಕೈಗೆ ಬಂದಾಗ ಯಾವ ಪರೀಕ್ಷೆ ಕೊಟ್ಟರು, ಸೂಚನೆ ಹೇಗೆ ಕೊಟ್ಟರು, ಯಾವ ಭಾಗ ಬಿಟ್ಟರು ಅಂತ ಬರೆದಿದ್ದಾರಾ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ, ಸಂಕೋಚ ಬೇಡ. ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಹಿಂದಿನ ಸಾಲಿನವರು ಮುಂದೆ ಬಂದರೆ ದುಭಾಷಿಯವರ ಕೈ ಚೆನ್ನಾಗಿ ಕಾಣುತ್ತದೆ.