ತಾಟು ಬದಲಾದರೆ ಗುಳಿಗೆಯ ಲೆಕ್ಕವೂ ಬದಲು

ಎಲ್ಲರಿಗೂ ನಮಸ್ಕಾರ. ಈ ಬಿಸಿಲಲ್ಲೂ ಮಾನ್ವಿ, ಸಿಂಧನೂರಿನಿಂದ ಬಸ್ ಹತ್ತಿ ರಾಯಚೂರಿಗೆ ಬಂದಿದ್ದೀರಿ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ: ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು ತೂಕ ಇಳಿಸಲು ಹೊರಟರೆ ಏನಾಗುತ್ತದೆ?

ಹೋದ ವರ್ಷ ಒಬ್ಬ ಅಕ್ಕ ನನ್ನ ಹತ್ತಿರ ಬಂದಿದ್ದರು. ಹೃದಯದ ಮೈಟ್ರಲ್ ಕವಾಟ ಬದಲಿಸಿ ಲೋಹದ್ದು ಹಾಕಿದ್ದಾರೆ. ದಿನಾ ರಕ್ತ ತೆಳು ಮಾಡುವ ಗುಳಿಗೆ, ಅಸಿನೊಕೌಮರಾಲ್, ತಗೊಳ್ಳಲೇಬೇಕು. ಎರಡೂ ಮುಂಗೈ ನೀಲಿಗಟ್ಟಿತ್ತು. "ಬಳಿ ಇಡಿಸಿಕೊಂಡೆ ರೀ, ಅಷ್ಟಕ್ಕ ಹಿಂಗಾತು" ಅಂದರು. ಮಗಳ ಮದುವೆ ಹತ್ತಿರ ಬಂದಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡ ಆಗುತ್ತದೆ ಅಂತ ತೋರಿಸುವ ಪರೀಕ್ಷೆ, ಐಎನ್‌ಆರ್ ಮಾಡಿಸಿದರೆ 6 ದಾಟಿದೆ! ಅವರಿಗೆ ಅದು 2.5ರಿಂದ 3.5ರ ಒಳಗಿರಬೇಕು. ಬೇರೆ ಔಷಧ ಏನಾದ್ರೂ ತಗೊಂಡ್ರಾ ಅಂತ ಮೂರು ಸಲ ಕೇಳಿದೆ. ಇಲ್ಲ ಅಂದರು. ಕೊನೆಗೆ ಮಗಳು ಬಾಯಿಬಿಟ್ಟಳು: "ತೂಕ ಇಳಿಸೋ ಗುಳಿಗಿ ತಗೋತಾಳ್ರಿ. ಅದೇನು ಔಷಧ ಅಲ್ಲಲ್ರಿ?"

ಅದು ಓರ್ಲಿಸ್ಟಾಟ್. ಉಂಡ ಕೊಬ್ಬಿನಲ್ಲಿ ಸುಮಾರು ಮೂರನೇ ಒಂದು ಪಾಲನ್ನು ಮೈಗೆ ಹತ್ತದಂತೆ ತಡೆಯುತ್ತದೆ. ವಿಟಮಿನ್ ಕೆ ಕರಗುವುದು ಕೊಬ್ಬಿನಲ್ಲೇ. ಕೊಬ್ಬು ಹೊರಗೆ ಹೋದರೆ ಅದರ ಬೆನ್ನಿಗೆ ಇದೂ ಹೋಗುತ್ತದೆ. ರಕ್ತ ಹೆಪ್ಪುಗಟ್ಟಲು ಲಿವರ್‌ಗೆ ಈ ವಿಟಮಿನ್ ಬೇಕು. ವಾರ್ಫರಿನ್, ಅಸಿನೊಕೌಮರಾಲ್ ತರದ ರಕ್ತ ತೆಳು ಮಾಡುವ ಗುಳಿಗೆ ಕೆಲಸ ಮಾಡುವುದು ಅದನ್ನೇ ಅಡ್ಡಗಟ್ಟಿ. ಹಾಗಾಗಿ ವಿಟಮಿನ್ ಕೆ ಕಮ್ಮಿಯಾದರೆ ಐಎನ್‌ಆರ್ ಏರುತ್ತದೆ. ನಿಮ್ಮ ಡೋಸ್ ಹೊಂದಿಸಿದಾಗ ನೀವು ದಿನಾ ಉಣ್ಣುವ ರೊಟ್ಟಿ, ಮೆಂತೆ ಪಲ್ಯ, ನುಗ್ಗೆಸೊಪ್ಪು ಎಲ್ಲ ಆ ಲೆಕ್ಕದಲ್ಲಿ ಸೇರಿರುತ್ತದೆ. ಸೊಪ್ಪು ತಿನ್ನಬೇಡಿ ಅಂತ ನಾನು ಹೇಳುವುದಿಲ್ಲ. ದಿನಾ ಒಂದೇ ಅಳತೆಯಲ್ಲಿ ತಿನ್ನಿ. ತೂಕ ಇಳಿಸಬೇಕು ಅಂತ ರೊಟ್ಟಿ ಬಿಟ್ಟು ಬರೀ ಪಾಲಕ್, ಮೆಂತೆ ಶುರು ಮಾಡಿದರೆ ಐಎನ್‌ಆರ್ ಕೆಳಗೆ ಬೀಳುತ್ತದೆ. ಆಗ ಕವಾಟದ ಮೇಲೆ ರಕ್ತ ಗಟ್ಟಿಯಾಗಬಹುದು. ನನಗೆ ಇದರ ಭಯವೇ ಜಾಸ್ತಿ, ಯಾಕಂದ್ರೆ ಮೈಮೇಲಿನ ನೀಲಿ ಕಲೆ ಕಣ್ಣಿಗೆ ಕಾಣುತ್ತದೆ, ಇದು ಕಾಣುವುದಿಲ್ಲ.

ಈಗ ತೂಕ ಇಳಿಸುವ ಇಂಜೆಕ್ಷನ್ ವಿಷಯ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು. ತೂಕಕ್ಕೆ ಅಂತಲೇ ಇರುವ ಸೆಮಾಗ್ಲುಟೈಡ್ ಅದೇ ಜೂನ್‌ನಲ್ಲಿ. ಇವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ, ಹಸಿವು ಇಳಿಸುತ್ತವೆ. ಎರಡು ರೊಟ್ಟಿ ಉಣ್ಣುತ್ತಿದ್ದವರಿಗೆ ಅರ್ಧಕ್ಕೇ ಸಾಕಾಗುತ್ತದೆ. ಊಟ ಕಮ್ಮಿಯಾದರೆ ವಿಟಮಿನ್ ಕೆ ಕೂಡ ಕಮ್ಮಿ, ಅಲ್ವಾ? ಆದ್ದರಿಂದ ಶುರು ಮಾಡಿದ ವಾರದೊಳಗೆ ಒಮ್ಮೆ ಐಎನ್‌ಆರ್ ನೋಡಿಸಿ. ಡೋಸ್ ಏರಿಸಿದಾಗಲೆಲ್ಲ ಮತ್ತೆ ನೋಡಿಸಿ.

"ನನ್ನದು ರಕ್ತ ತೆಳು ಮಾಡುವ ಹೊಸ ಗುಳಿಗೆ, ಐಎನ್‌ಆರ್ ಬೇಕಿಲ್ಲ" ಅನ್ನುವವರೂ ಇಲ್ಲಿ ಇದ್ದೀರಿ. ರಿವರಾಕ್ಸಬ್ಯಾನ್ 15 ಅಥವಾ 20 ಮಿಲಿಗ್ರಾಂ ಆದರೆ ಊಟದ ಜೊತೆಗೇ ತಗೊಳ್ಳಬೇಕು. ಖಾಲಿ ಹೊಟ್ಟೆಯಲ್ಲಿ ಅದು ಪೂರ್ತಿ ರಕ್ತಕ್ಕೆ ಸೇರುವುದಿಲ್ಲ. ಇಂಜೆಕ್ಷನ್‌ನಿಂದ ಊಟವೇ ಸೇರದಿದ್ದರೆ ಡಾಕ್ಟರಿಗೆ ಹೇಳಿ. ಡಬಿಗಾಟ್ರಾನ್ ಬಹುಪಾಲು ಕಿಡ್ನಿಯಿಂದ ಹೊರಗೆ ಹೋಗುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಮೇಲೆ ಇಂಜೆಕ್ಷನ್‌ನ ವಾಂತಿ. ಮೈಯಲ್ಲಿ ನೀರು ಕಮ್ಮಿಯಾಗಿ ಕಿಡ್ನಿ ಸೋತರೆ ಔಷಧ ರಕ್ತದಲ್ಲೇ ಉಳಿದು ಜಾಸ್ತಿಯಾಗುತ್ತದೆ. ಎರಡು ದಿನ ವಾಂತಿ ನಿಲ್ಲದಿದ್ದರೆ ಮನೆಯಲ್ಲಿ ಸುಮ್ನೆ ಮಲಗಬೇಡಿ.

ಸ್ಲಿಮ್ಮಿಂಗ್ ಪುಡಿ, ಹೆಸರಿಲ್ಲದ ಡಬ್ಬಿ ಇವನ್ನು ಮುಟ್ಟಲೇಬೇಡಿ. ತೂಕ ಇಳಿಸಲು ಕೊಡುತ್ತಿದ್ದ ಸಿಬುಟ್ರಮೀನ್ ಅನ್ನು ನಮ್ಮ ದೇಶದಲ್ಲಿ 2011ರಲ್ಲೇ ನಿಷೇಧಿಸಿದ್ದಾರೆ. ಆದರೂ ಜಗತ್ತಿನ ಎಷ್ಟೋ ಕಡೆ ಗಿಡಮೂಲಿಕೆ ಅಂತ ಮಾರುವ ಡಬ್ಬಿಗಳಲ್ಲಿ ಅದು ಸಿಕ್ಕಿದೆ.

ಮಲ ಕಪ್ಪಗಾದರೆ, ಒಸಡಿನ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ಅದೇ ಗಳಿಗೆ ಆಸ್ಪತ್ರೆಗೆ ಬನ್ನಿ. ರಕ್ತದ ಗುಳಿಗೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ.

ಆ ಅಕ್ಕನ ಐಎನ್‌ಆರ್ ಹತ್ತು ದಿನದಲ್ಲಿ ಸರಿಹೋಯಿತು. ಈಗ ಬರುವಾಗ ಮನೆಯ ಗುಳಿಗೆ, ಪುಡಿ, ಕಷಾಯದ ಪೊಟ್ಟಣ ಎಲ್ಲವನ್ನೂ ಒಂದು ಕೈಚೀಲದಲ್ಲಿ ತಂದು ನನ್ನ ಟೇಬಲ್ ಮೇಲೆ ಸುರಿಯುತ್ತಾರೆ. ನೀವೂ ಹಾಗೇ ತನ್ನಿ. ಮುಂದಿನ ಸಾಲಿನ ಅಜ್ಜ ಆಗಿನಿಂದ ಕೈ ಎತ್ತಿದ್ದಾರೆ. ಕೇಳ್ರಿ ಅಜ್ಜಾರ.