ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?

ಆಕಾಶವಾಣಿ ರಾಯಚೂರು ಕೇಂದ್ರದ ಕೇಳುಗರೆಲ್ಲರಿಗೂ ನಮಸ್ಕಾರ. ಈ ಹೊತ್ತಿನಲ್ಲಿ ನಿಮ್ಮಲ್ಲಿ ಕೆಲವರು ರೊಟ್ಟಿ ಬಡಿಯುತ್ತಿರಬಹುದು, ಕೆಲವರು ಹೊಲದಿಂದ ಬಂದು ಕಟ್ಟೆಯ ಮೇಲೆ ಕುಳಿತಿರಬಹುದು. ಉತ್ತರಪತ್ರಿಕೆ ತಿದ್ದುತ್ತಿರುವ ಮೇಷ್ಟರೂ ಇದ್ದಾರು. ಹತ್ತರಿಂದ ಇಪ್ಪತ್ತು ವರ್ಷದೊಳಗಿನ ಮಗನೋ ಮಗಳೋ ಮನೆಯಲ್ಲಿದ್ದರೆ ಸ್ವಲ್ಪ ಕಿವಿಗೊಡಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಿಸಿ ಸುಮ್ಮನಾಗಬೇಡಿ, ಬಾಯಿ ಬಿಟ್ಟು ಹೇಳಿ.

ನಾನು ಹರೆಯದ ಮಕ್ಕಳ ಮನೋವೈದ್ಯೆ. ನನ್ನ ಕೋಣೆಗೆ ಬರುವ ತಂದೆತಾಯಂದಿರ ದೂರು ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ: "ಇವನಿಗೆ ಕರುಳೇ ಇಲ್ಲ ಡಾಕ್ಟರೇ." ಏನಾಯಿತು ಎಂದರೆ, "ನಮ್ಮ ಮುಖ ನೋಡಿದರೆ ಗೊತ್ತಾಗುವುದಿಲ್ಲವೇ?" ಎಂದು ನನ್ನನ್ನೇ ಕೇಳುತ್ತಾರೆ. ಇಲ್ಲ, ಗೊತ್ತಾಗುವುದಿಲ್ಲ. ಕೆಲವು ಮಕ್ಕಳಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಹೆಸರು ಬೇಡ. ಊರು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲಿನ ಒಂದು ಹಳ್ಳಿ ಎಂದಿಟ್ಟುಕೊಳ್ಳಿ. ವಯಸ್ಸು 15. ಲೆಕ್ಕದಲ್ಲಿ ಚುರುಕು, ಸಿಂಧನೂರಿನಿಂದ ಹೊರಡುವ ಬಸ್ಸುಗಳ ವೇಳೆಯೆಲ್ಲ ಬಾಯಿಪಾಠ. ಮನೆಯಲ್ಲಿ ಗ್ಯಾಸ್ ಇದೆ, ಆದರೆ ರೊಟ್ಟಿ ಮಾತ್ರ ಹಿತ್ತಲಿನ ಒಲೆಯಲ್ಲಿ, ಹತ್ತಿಕಟ್ಟಿಗೆಯ ಉರಿಯಲ್ಲಿ. ಒಂದು ಸಂಜೆ ತಾಯಿಗೆ ತವರಿನಿಂದ ಫೋನ್ ಬಂತು. ಅಣ್ಣನಿಗೆ ಲಾರಿ ಬಡಿದಿದೆ, ಉಳಿಯುವುದು ಕಷ್ಟ, ಕೂಡಲೇ ಹೊರಟು ಬಾ. ರಾತ್ರಿಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಮನೆಮಂದಿಗೆ ನಾಲ್ಕು ರೊಟ್ಟಿ ಮಾಡಿಟ್ಟು ಹೋಗೋಣ ಎಂದು ಆಕೆ ಒಲೆಯ ಮುಂದೆ ಕುಳಿತರು. ಹಿಟ್ಟು ತಟ್ಟುತ್ತಾರೆ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ, ಮತ್ತೆ ತಟ್ಟುತ್ತಾರೆ. ಎದುರಿಗೇ ಕುಳಿತಿದ್ದ ಮಗ ಎರಡು ರೊಟ್ಟಿ ತಿಂದು ಮುಗಿಸಿ, ತಟ್ಟೆ ಮುಂದೆ ಚಾಚಿ, "ಅವ್ವಾ, ಇನ್ನೊಂದು ಕೊಡು. ಆಗಲೇ ಕೊಟ್ಟಿದ್ದರ ಅಂಚು ಸುಟ್ಟಿತ್ತು" ಎಂದ.

ಬಾಗಿಲಲ್ಲಿ ನಿಂತಿದ್ದ ಅಪ್ಪ ಕೆನ್ನೆಗೆ ಬಾರಿಸಿದರು. ತಟ್ಟೆ ಹೋಗಿ ಕಟ್ಟಿಗೆಯ ಹೊರೆಯ ಮೇಲೆ ಬಿತ್ತು.

ಸೋದರಮಾವ ಬದುಕಿಕೊಂಡರು, ಆ ಮಾತು ಬೇರೆ. ತಿಂಗಳಾದ ಮೇಲೆ ಹುಡುಗನನ್ನು ನನ್ನ ಹತ್ತಿರ ಕರೆತಂದರು. ಅಷ್ಟರಲ್ಲಿ ಎರಡು ತಾಯತ ಕಟ್ಟಿಸಿ ಆಗಿತ್ತು. ಹೆತ್ತವಳು ಅಳುವಾಗ ರೊಟ್ಟಿಯ ಅಂಚು ನೋಡುವವನು ನಾಳೆ ನಮ್ಮನ್ನು ನೋಡುತ್ತಾನೆಯೇ ಎಂಬುದು ಅಪ್ಪನ ಪ್ರಶ್ನೆ. ಅವರನ್ನು ಹೊರಗೆ ಕೂರಿಸಿ, ನನ್ನ ಬಳಿಯಿರುವ ಮುಖಗಳ ಫೋಟೋಗಳನ್ನು ಹುಡುಗನ ಮುಂದಿಟ್ಟೆ. ನಗು, ದುಃಖ, ಸಿಟ್ಟು, ಹೆದರಿಕೆ, ಅಚ್ಚರಿ, ಅಸಹ್ಯ, ಹೀಗೆ ಆರು. ನಗುವನ್ನು ಥಟ್ಟನೆ ಹೇಳಿದ. ಹೆದರಿದ ಮುಖ ತೋರಿಸಿದರೆ, "ಇವರಿಗೆ ಹಲ್ಲುನೋವು" ಎಂದ. ದುಃಖದ ಮುಖಕ್ಕೆ, "ಇವರು ಬಾಯಿ ಮುಚ್ಚಿಕೊಂಡಿದ್ದಾರೆ." ನಾನು ಅವನ ಬೆರಳನ್ನೇ ನೋಡುತ್ತಿದ್ದೆ. ಅದು ಫೋಟೋದ ತುಟಿಯ ಸುತ್ತಲೇ ಓಡಾಡುತ್ತಿತ್ತು. ಮೂಗಿನಿಂದ ಮೇಲೆ ಒಮ್ಮೆಯೂ ಏರಲಿಲ್ಲ.

ಕೊನೆಗೆ ಆ ಸಂಜೆಯ ವಿಷಯ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ಅವ್ವನ ಕಣ್ಣಲ್ಲಿ ದಿನಾಲೂ ಹೊಗೆಗೆ ನೀರು ಬರುತ್ತದೆ. ಅವತ್ತಿನ ನೀರು ಬೇರೆ ಎಂದು ನನಗೆ ಯಾರು ಹೇಳಿದರು?" ಎಂದ.

ಯಾರೂ ಹೇಳಿರಲಿಲ್ಲ. ಅವ್ವನ ಬಸ್ಸು ಹೋದ ಮೇಲೆ ತಂಗಿಯ ಬಾಯಿಂದ ಸುದ್ದಿ ತಿಳಿದು, ಆ ರಾತ್ರಿಯೆಲ್ಲ ಅವನು ಮಲಗಿರಲಿಲ್ಲವಂತೆ. ಇದು ಅಪ್ಪನಿಗೆ ಗೊತ್ತೇ ಇರಲಿಲ್ಲ. ತಾಯಿಯ ಮುಖ ಓದಲಿಲ್ಲವೆಂದು ಮಗನಿಗೆ ಹೊಡೆದವರು ಮಗನ ಮುಖವನ್ನು ಎಷ್ಟು ಓದಿದ್ದರು ಹೇಳಿ.

ಆ ಹುಡುಗನಿಗೆ ಇದ್ದದ್ದು ಆಟಿಸಂ, ಅಂದರೆ ಇತರರೊಡನೆ ಬೆರೆಯುವ, ಅವರ ಭಾವ ತಿಳಿಯುವ ರೀತಿ ಹುಟ್ಟಿನಿಂದಲೇ ಬೇರೆಯಾಗಿರುವ ಸ್ಥಿತಿ. ಮಾತು ಬರುತ್ತದೆ, ಅಂಕ ಬರುತ್ತವೆ ಎಂಬ ಕಾರಣಕ್ಕೆ 15 ವರ್ಷ ಯಾರ ಗಮನಕ್ಕೂ ಬಂದಿರಲಿಲ್ಲ. ಇಂಥ ಮಕ್ಕಳ ನೋಟ ಎದುರಿನವರ ಕಣ್ಣಿನ ಮೇಲೆ ನಿಲ್ಲುವುದು ಕಡಿಮೆ. ಹೆದರಿಕೆಯೋ ಕಣ್ಣಿನಲ್ಲೇ ಇರುತ್ತದೆ. ಅಮೆರಿಕದಲ್ಲಿ ಒಬ್ಬ ಮಹಿಳೆಗೆ ಮಿದುಳಿನಲ್ಲಿ ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗ ಹಾಳಾಗಿತ್ತು. ಹೆದರಿದ ಮುಖ ಅವರಿಗೆ ತಿಳಿಯುತ್ತಲೇ ಇರಲಿಲ್ಲ. 2005ರಲ್ಲಿ ಸಂಶೋಧಕರು ಕಣ್ಣುಗಳನ್ನು ನೋಡಿ ಎಂದು ಅವರಿಗೆ ಹೇಳಿಕೊಟ್ಟರು. ಹೆದರಿಕೆ ಗುರುತು ಸಿಕ್ಕಿತು. ಆದರೆ ಪ್ರತಿ ಸಲವೂ ನೆನಪಿಸಬೇಕಾಗಿತ್ತು. ನಮಗೆ ತಾನಾಗಿ ಆಗುವುದು ಇವರಿಗೆ ದುಡಿಮೆ. ಹಾಗೆಂದು, ಮೇಷ್ಟರೇ, "ನನ್ನ ಕಣ್ಣು ನೋಡಿ ಮಾತನಾಡು" ಎಂದು ಹುಡುಗನ ಗದ್ದ ಹಿಡಿದು ಎತ್ತಬೇಡಿ. ಆಟಿಸಂ ಇರುವ ಅನೇಕರಿಗೆ ಅದು ಹಿಂಸೆ.

ನಮ್ಮ ಕಡೆಯ ಬಯಲಾಟ ನೋಡಿದ್ದೀರಲ್ಲ? ಮೈತುಂಬ ವೇಷ ಕಟ್ಟಿ, ಮೀಸೆ ತಿರುವಿ, ಗದೆ ಹೊತ್ತು ಭೀಮ ರಂಗಕ್ಕೆ ಬರುತ್ತಾನೆ. ನೋಡಿದ ಕೂಸಿಗೂ ಅವನು ಭೀಮನೆಂದು ತಿಳಿಯುತ್ತದೆ. ಆದರೂ ಆಟ ನಡೆಸಿಕೊಡುವ ಸಾರಥಿ ಬಿಡುವುದಿಲ್ಲ, ತಾವು ಯಾರು, ಬಂದ ಕಾರಣವೇನು ಎಂದು ಕೇಳುತ್ತಾನೆ. ಭೀಮನೂ ಬೇಸರಿಸದೆ ತನ್ನ ಹೆಸರು, ಕುಲ, ಸಿಟ್ಟಿನ ಕಾರಣ ಎಲ್ಲವನ್ನೂ ಒದರಿ ಹೇಳುತ್ತಾನೆ. ರಾತ್ರಿಯಿಡೀ ಆಟ ನೋಡಿ ಚಪ್ಪಾಳೆ ತಟ್ಟುವ ನಾವು ಬೆಳಗ್ಗೆ ಮನೆಗೆ ಬಂದು ಮುಖ ಊದಿಸಿಕೊಂಡು ಮೂಲೆಯಲ್ಲಿ ಕೂರುತ್ತೇವೆ. ಮಕ್ಕಳು ತಾವಾಗಿ ತಿಳಿದುಕೊಳ್ಳಬೇಕಂತೆ! ಭೀಮನೇ ಬಾಯಿ ಬಿಟ್ಟು ಹೇಳುತ್ತಾನೆ, ನಿಮಗೇನು ಕಷ್ಟ?

ಆ ಹುಡುಗನ ಕಥೆಯೇ ಅರ್ಧ ಹೊತ್ತು ತಿಂದಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. ಇದು ಆಟಿಸಂನಲ್ಲಿ ಮಾತ್ರ ಇರುವ ತೊಂದರೆಯಲ್ಲ. ಖಿನ್ನತೆಗೆ ಬಿದ್ದ ಹುಡುಗಿಗೆ ಏನೂ ಇಲ್ಲದ ಮುಖದಲ್ಲೂ ದುಃಖ, ಬೇಸರ ಕಾಣುತ್ತದೆ. "ಮೇಡಂಗೆ ನನ್ನನ್ನು ಕಂಡರೆ ಆಗುವುದಿಲ್ಲ" ಎಂದು ಶಾಲೆ ಬಿಟ್ಟವಳನ್ನು ಕಂಡಿದ್ದೇನೆ. ಪಾಪ, ಆ ಮೇಡಂ ಬಿಸಿಲಿಗೆ ಹುಬ್ಬು ಗಂಟಿಕ್ಕಿದ್ದರು ಅಷ್ಟೆ. ಮೇ ತಿಂಗಳ ರಾಯಚೂರಿನಲ್ಲಿ ಹುಬ್ಬು ಗಂಟಿಕ್ಕದವರು ಯಾರು? ಎಡಿಎಚ್‌ಡಿ ಎಂಬ, ಗಮನ ಒಂದೆಡೆ ನಿಲ್ಲದ ತೊಂದರೆ ಇರುವ ಮಕ್ಕಳ ಮನಸ್ಸು ಜಿಗಿಯುತ್ತಿರುತ್ತದೆ, ಮುಖದ ಭಾವ ಬಂದು ಹೋಗುವಷ್ಟರಲ್ಲಿ ಅವರು ಬೇರೆಲ್ಲೋ ಇರುತ್ತಾರೆ. ಮಾತೆತ್ತಿದರೆ ಕೈ ಎತ್ತುವ ಹುಡುಗರು ಸುಮ್ಮನೆ ನೋಡಿದವರ ಮುಖದಲ್ಲೂ ಸಿಟ್ಟು ಕಾಣುತ್ತಾರೆ. "ಅವನು ನನ್ನನ್ನು ಗುರಾಯಿಸಿದ" ಎಂಬ ಜಗಳಗಳ ಮೂಲ ಇದೇ. ಬ್ರಿಸ್ಟಲ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥ ಹದಿಹರೆಯದವರಿಗೆ ಸಿಟ್ಟೋ ನಗುವೋ ತಿಳಿಯದ ಮುಖಗಳನ್ನು ತೋರಿಸಿ, ಅದರಲ್ಲಿ ನಗು ಕಾಣುವ ಅಭ್ಯಾಸ ಮಾಡಿಸಿದರು. ಅವರ ಜಗಳಗಂಟತನ ತಗ್ಗಿತು. ಅಂದರೆ ಇದನ್ನು ಕಲಿಸಬಹುದು.

ಹೇಗೆ ಕಲಿಸುವುದು? ಸಿಟ್ಟು ಬಂದರೆ "ನನಗೆ ಸಿಟ್ಟು ಬಂದಿದೆ, ಕಾರಣ ಇದು" ಎನ್ನಿ. ಅಳು ಬಂದರೆ "ನನಗೆ ದುಃಖವಾಗಿದೆ, ಹತ್ತಿರ ಬಂದು ಕೂರು" ಎನ್ನಿ. ನಾಚಿಕೆ ಬಿಡಿ. ಟಿವಿಯ ಧಾರಾವಾಹಿಯನ್ನು ಧ್ವನಿ ನಿಲ್ಲಿಸಿ ನೋಡುತ್ತಾ, ಈಗ ಇವಳಿಗೆ ಏನಾಗಿದೆ ಎಂದು ಮಕ್ಕಳನ್ನು ಕೇಳಿ. ಧಾರಾವಾಹಿಯಿಂದ ಅಷ್ಟಾದರೂ ಉಪಯೋಗವಾಗಲಿ.

ದೂರದ ಬೆಂಗಳೂರಿಗೆ ಹೋಗಬೇಕೇ ಎಂದು ಕೇಳುತ್ತೀರಿ. ಬೇಡ. ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗೆ ಒಯ್ಯುವ ಪ್ರಯೋಗ ಮಾಡಿದ್ದು ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ. ಅದನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ನಾವೇ ದೇಶಕ್ಕೆ ತೋರಿಸಿಕೊಟ್ಟು ನಾವೇ ತಾಯತಕ್ಕೆ ಓಡುತ್ತೇವೆ. ಜಿಲ್ಲಾ ಆಸ್ಪತ್ರೆಗೆ ಬನ್ನಿ. ಅದೂ ಆಗದಿದ್ದರೆ 14416ಕ್ಕೆ ಕರೆ ಮಾಡಿ, ಅದು ಟೆಲಿ ಮಾನಸ್ ಎಂಬ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಣ ಕೊಡಬೇಕಾಗಿಲ್ಲ. ಇನ್ನೊಮ್ಮೆ ಹೇಳುತ್ತೇನೆ, 14416.

ಆ ಹುಡುಗನ ತಾಯಿ ಕಳೆದ ತಿಂಗಳು ಬಂದಿದ್ದರು. ಈಗ ಅವನು ಹಿತ್ತಲಿಗೆ ಬಂದವನೇ ಸಾರಥಿಯ ಹಾಗೆ ನಿಂತು, "ಅವ್ವಾ, ಹೊಗೆಯೋ, ದುಃಖವೋ?" ಎಂದು ಕೇಳುತ್ತಾನಂತೆ. ಮೊನ್ನೆ ಆಕೆ "ಹೊಗೆ ಕಣಪ್ಪಾ" ಎಂದರೆ, "ಹಾಗಾದರೆ ಗ್ಯಾಸಿನ ಮೇಲೆ ಮಾಡಬಾರದೇ? ಅಂಚೂ ಸುಡುವುದಿಲ್ಲ" ಎಂದನಂತೆ.

ನಮಸ್ಕಾರ.